ಮಾರ್ಜಾರಕಿಶೋರ ನ್ಯಾಯ

ನಮ್ಮ ಪೂರ್ವಿಕರು ಬೆಕ್ಕಿನ ವಿಷಯದಲ್ಲಿ ನ್ಯಾಯದಿಂದ ನಡೆದುಕೊಂಡರೆಂದು ಹೇಳುವದು ಕಠಿಣವು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆಲ್ಲ ಗೊತ್ತಿರುವಂತೆ ಅದರ ಹೆಸರುಗಳಲ್ಲಿ 'ಆಖುಭುಕ್' ಎಂಬದೊಂದು. ಇಲಿಯನ್ನು ತಿನ್ನುವದೇ ಆ ಪ್ರಾಣಿಯ ಜೀವನಸರ್ವಸ್ವವೆಂದು ಕೋಶಕಾರನ ಅಭಿಪ್ರಾಯವಿದ್ದಂತೆ ತೋರುತ್ತದೆ. ವ್ಯಾಕರಣಕ್ಕೆ ಬಂದರೆ, ಶಾಶ್ವತವಾದ ವೈರವುಳ್ಳವುಗಳ ಹೆಸರುಗಳು ದ್ವಂದ್ವಸಮಾಸದಲ್ಲಿ ಕೂಡಿದಾಗ ಏಕವಚನವೇ ಬರತಕ್ಕದ್ದೆಂದು ಪಾಣಿನಿಯು ಎರಡನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. ಅದಕ್ಕೆ ಗುರುಗಳು ಕೊಡುವ ಉದಾಹರಣೆಯು ಬೆಕ್ಕು-ಇಲಿಗಳದು. ಹಿತೋಪದೇಶದ ದೀರ್ಘಕರ್ಣನೆಂಬ ಬೆಕ್ಕು ಧರ್ಮಶಾಸ್ತ್ರವನ್ನು ಹೇಳಿ ಮುದಿ ಹದ್ದನ್ನು ನಂಬಿಸಿ, ಪಕ್ಷಿಗಳ ಮರಿಗಳನ್ನೆಲ್ಲ ನುಂಗಿತು. ಮಹಾಭಾರತದ ಬೆಕ್ಕು ಗಂಗೆಯ ದಡದಲ್ಲಿ ತಪಸ್ಸಿನ ನಟನೆ ಮಾಡಿತು. ಏಳನೆಯ ಶತಮಾನದಲ್ಲಿ ಮಹಾಬಲಿಪುರದ ಬಂಡೆಯ ಮೇಲೆ ಶಿಲ್ಪಿಗಳು ಅಂಥ ಒಂದು ಬೆಕ್ಕನ್ನು ಕೈಗಳನ್ನೆತ್ತಿ ನಿಂತಂತೆ ಕೆತ್ತಿಯೂ ಇಟ್ಟರು. ಕಪಟವ್ರತಕ್ಕೆ 'ಬೈಡಾಲವ್ರತ'ವೆಂದೇ ಹೆಸರಾಯಿತು. ನಮ್ಮ ಕನ್ನಡದ ಗಾದೆಗಳಾದರೂ ಹಿಂದೆ ಬಿದ್ದಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಅಪವಾದವು ಬೆಕ್ಕಿಗೇ, ಇಲಿಯ ಪ್ರಾಣಸಂಕಟದಲ್ಲಿ ಚೆಲ್ಲಾಟವಾಡುವ ಅಪವಾದವೂ ಬೆಕ್ಕಿಗೇ.

ಈ ನಿಂದೆಯ ರಾಶಿಯ ನಡುವೆ ಒಂದೇ ಒಂದು ಗೌರವದ ಸ್ಥಾನವು ಅದಕ್ಕೆ ದೊರೆತಿದೆ. ಶ್ರೀವೈಷ್ಣವ ಆಚಾರ್ಯರಲ್ಲಿ, ಜೀವನು ಭಗವಂತನನ್ನು ಹೇಗೆ ಆಶ್ರಯಿಸಬೇಕೆಂಬ ವಿಷಯದಲ್ಲಿ ಎರಡು ಪಕ್ಷಗಳುಂಟಷ್ಟೆ. ಮಂಗನ ಮರಿಯು ತಾನೇ ತಾಯಿಯ ಹೊಟ್ಟೆಯನ್ನು ಅವಚಿಕೊಳ್ಳುವಂತೆ ಜೀವನೂ ಸ್ವಲ್ಪ ಪ್ರಯತ್ನಪಡಬೇಕೆಂದು ವಡಗಲೆಯವರ ಮತವು. ಇದು ಮರ್ಕಟಕಿಶೋರ ನ್ಯಾಯ. ಬೆಕ್ಕಿನ ಮರಿಯು ಏನೂ ಮಾಡದೆ ಮೈಬಿಟ್ಟಿರುವಾಗ ತಾಯಿಯೇ ಅದರ ಕುತ್ತಿಗೆಯನ್ನು ಹಲ್ಲಿನಲ್ಲಿ ಮೆಲ್ಲಗೆ ಕಚ್ಚಿ ಒಯ್ಯುವಂತೆ ಭಗವಂತನೇ ಒಯ್ಯುತ್ತಾನೆಂದು ತೆಂಕಲೆಯವರ ಮತವು; ಇದು ಮಾರ್ಜಾರಕಿಶೋರ ನ್ಯಾಯ. ದೃಷ್ಟಾಂತವು ಪ್ರತ್ಯಕ್ಷಕ್ಕೆ ಒಪ್ಪುವಂಥದೇ ಆಗಿದೆ. ತಾಯಿಬೆಕ್ಕು ಹಿಡಿದೊಡನೆ ಮರಿಯು ಕೈಕಾಲು ಮಡಿಚಿ ನಿಶ್ಚಲವಾಗುವದನ್ನು ಯಾರು ಕಂಡಿಲ್ಲ? ಆದರೆ ಒಂದು ಶಂಕೆಯು ಉಳಿಯುತ್ತದೆ. ಆ ಮರಿಗೆ ತಾಯಿಯಿದ್ದಾಳೆ. ತಾಯಿಯನ್ನಗಲಿ, ಅರಿಯದ ಊರಿಗೆ, ಅರಿಯದ ಮನೆಗೆ, ಅರಿಯದ ಕೈಗಳ ನಡುವೆ ಬಂದು ಬಿದ್ದ ಮರಿಯ ಗತಿಯೇನು? ಅದು ಯಾವ ನ್ಯಾಯಕ್ಕೆ ಸೇರಿದ್ದು?

ಈ ಶಂಕೆಯು 2024ರ ಆಗಸ್ಟ ತಿಂಗಳಲ್ಲಿ, ಬಿದಿರ ಬುಟ್ಟಿಯೊಳಗೆ ಕುಳಿತು, ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಮನೆಗೆ ಬಂದಿತು.

ನನ್ನ ಅಕ್ಕನು ಖಾನಾಪುರದಲ್ಲಿ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿದವಳು. ಖಾನಾಪುರವು ಬೆಳಗಾವಿಯಿಂದ ಸುಮಾರು 26 ಕಿಲೋಮೀಟರು. ಅದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಊರ ಮಗ್ಗುಲಲ್ಲಿಯೇ ಹರಿಯುತ್ತಾಳೆ. ಅಲ್ಲಿಯ ಮಣ್ಣು ಹಂಚಿಗೂ ಗಡಿಗೆಗಳಿಗೂ ಹೆಸರಾದದ್ದು, ಅಲ್ಲಿಯ ಮಳೆಯು ಗೋಡೆಗಳನ್ನು ಉರುಳಿಸುವದಕ್ಕೆ ಹೆಸರಾದದ್ದು. ಆ ವರುಷದ ಮಳೆಗೆ ಅಕ್ಕನ ಮನೆಯ ಹಿತ್ತಲ ಗೋಡೆಯು ಕುಸಿಯಿತು. ಭಾವನವರು ತೀರಿಕೊಂಡ ಮೇಲೆ ಅವಳು ಒಬ್ಬಳೇ ಇದ್ದಳು. ಇನ್ನು ಅಲ್ಲಿರಗೊಡುವದು ಸರಿಯಲ್ಲವೆಂದು ನಾವೆಲ್ಲರೂ ಒತ್ತಾಯಮಾಡಲು, ಬೆಳಗಾವಿಗೆ ಬರಲು ಒಪ್ಪಿದಳು. ಅವಳು ಸಾಕಿದ ಮುದಿ ಬೆಕ್ಕು ಮಾತ್ರ ಒಪ್ಪಲಿಲ್ಲ. ನಾಯಿಯು ಮನುಷ್ಯರದು, ಬೆಕ್ಕು ಮನೆಯದು ಎಂದು ಹೇಳುತ್ತಾರಲ್ಲವೆ? ಗೋಡೆ ಬಿದ್ದ ದಿನವೇ ಅದು ನೆರೆಯ ಕುಂಬಾರರ ಚಪ್ಪರವನ್ನು ತನ್ನ ವಾಸಸ್ಥಾನವಾಗಿ ಮಾಡಿಕೊಂಡಿತ್ತು. ಎರಡು ತಿಂಗಳ ಹಿಂದೆ ಅದು ಮರಿ ಹಾಕಿದ್ದೂ ಅಲ್ಲಿಯೇ, ಆವಿಗೆಯ ಬೂದಿಯ ಮಗ್ಗುಲಲ್ಲಿ. ಕುಂಬಾರಗಿತ್ತಿಯು ಆ ಮರಿಗಳಲ್ಲಿ ಒಂದನ್ನು ಬುಟ್ಟಿಯಲ್ಲಿಟ್ಟು, ಮೇಲೊಂದು ಗೋಣಿಯ ತುಂಡನ್ನು ಮುಚ್ಚಿ, ಅಕ್ಕನ ಕೈಗೆ ಕೊಟ್ಟಳು. ಇದಲಹೊಂಡ, ದೇಸೂರುಗಳನ್ನು ದಾಟಿ ರೈಲುಗಾಡಿಯು ಬೆಳಗಾವಿಗೆ ಬರುವವರೆಗೆ ಬುಟ್ಟಿಯೊಳಗಿಂದ ಒಂದು ಸಪ್ಪಳವೂ ಕೇಳಲಿಲ್ಲವಂತೆ.

ಸಪ್ಪಳವಿಲ್ಲದಿರುವದು ಸಮಾಧಾನದ ಗುರುತಲ್ಲವೆಂದು ಮನೆಗೆ ಬಂದ ಮೇಲೆ ತಿಳಿಯಿತು. ಮುಚ್ಚಳ ತೆಗೆದೊಡನೆ ಬೂದಿಬಣ್ಣದ ಒಂದು ಗೆರೆಯು ನೆಲದ ಮೇಲೆ ಹರಿದಂತಾಯಿತು. ಆಮೇಲೆ ಬುಟ್ಟಿಯು ಬರಿದಾಗಿತ್ತು. ಬಹಳ ಹೊತ್ತು ಹುಡುಕಿದ ಮೇಲೆ, ನಾನು ಓದುವ ಕೋಣೆಯಲ್ಲಿ ಪುಸ್ತಕದ ಕಪಾಟಿಗೂ ಗೋಡೆಗೂ ನಡುವಿನ ನಾಲ್ಕು ಬೆರಳಿನ ಸಂದಿಯಲ್ಲಿ ಎರಡು ಕಣ್ಣುಗಳು ಕಂಡವು. ಮೊಮ್ಮಗಳು ನೆಲಕ್ಕೆ ಕೆನ್ನೆಯಿಟ್ಟು ಕರೆದಳು, ಹಾಡಿದಳು, ಕಡೆಗೆ ಕಣ್ಣೀರು ತಂದುಕೊಂಡು, "ಅಜ್ಜಾ, ಅದು ನಮ್ಮನ್ನ ಒಲ್ಲೆ ಅಂತದೇನು?" ಎಂದಳು. ಕಸಬರಿಗೆಯ ಹಿಡಿಕೆಯಿಂದ ಹೊರಗೆ ದೂಡಬಹುದೆಂದು ಓಣಿಯವರೊಬ್ಬರು ಸಲಹೆಯಿತ್ತರು. ಅಕ್ಕನು ಪಡಸಾಲೆಯ ಮೂಲೆಯಲ್ಲಿ ತನ್ನ ಟ್ರಂಕಿನ ಪಕ್ಕದಲ್ಲಿಯೇ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ಆ ರಾತ್ರಿ ನನ್ನನ್ನು ಕರೆದು, "ತಮ್ಮಾ, ಇದು ಇಲ್ಲಿ ನಿಂತರ ನಾನೂ ನಿಂದರತೀನಿ. ಇದಕ್ಕ ಒಗ್ಗಲಿಲ್ಲಂದ್ರ ಇಬ್ಬರನ್ನೂ ತಿರುಗಿ ಖಾನಾಪುರಕ್ಕ ಮುಟ್ಟಿಸಿಬಿಡು" ಎಂದಳು. ನಗುತ್ತ ಹೇಳಿದಳಾದರೂ ಅದು ನಗೆಯ ಮಾತಾಗಿರಲಿಲ್ಲ. ಮಳೆಯಲ್ಲಿ ನೆನೆದ ಆ ಮನೆಯ ಉಳಿದ ಮೂರು ಗೋಡೆಗಳು ನನ್ನ ಕಣ್ಣಮುಂದೆ ನಿಂತವು.

ಮರುದಿನ ಪಶುವೈದ್ಯರನ್ನು ಕಂಡೆನು. ತರುಣರು, ವಿಷಯವನ್ನೆಲ್ಲ ಶಾಂತರಾಗಿ ಕೇಳಿದರು. ಬೆಕ್ಕಿನ ಮರಿಯು ಮನುಷ್ಯರ ಕೈಗೆ ಸುಲಭವಾಗಿ ಒಗ್ಗುವ ಕಾಲವು ಅದರ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮಾತ್ರ. ಆ ಅವಧಿಯಲ್ಲಿ ದಿನಾಲು ಎತ್ತಿ ಆಡಿಸಿದ ಮರಿಗಳಿಗೆ ಮನುಷ್ಯರು ತಮ್ಮವರಾಗಿಯೇ ತೋರುವರು. ನಮ್ಮ ಮರಿಯು ಆ ವಾರಗಳನ್ನು ಗಡಿಗೆಗಳ ಹಿಂದೆ ಕಳೆದಿತ್ತು. ಹತ್ತನೆಯ ವಾರದಲ್ಲಿ ನಮ್ಮ ಮನೆಗೆ ಬಂದಿತ್ತು. ಬಾಗಿಲು ಮುಚ್ಚಿಹೋಗಿದೆಯೆಂದಲ್ಲ, ಕೀಲು ಬಿಗಿಯಾಗಿದೆಯೆಂದು ತಿಳಿಯಬೇಕು. ವೈದ್ಯರು ಕೊನೆಗೆ ಹೇಳಿದ ಮಾತು ಇಷ್ಟು: "ಮಾಸ್ತರ, ನೀವು ಅದನ್ನ ಹಿಡೀಲಿಕ್ಕೆ ಹೋಗಬ್ಯಾಡ್ರಿ. ಅದೇ ನಿಮ್ಮನ್ನ ಹಿಡೀಲಿ."

ನಾನು ಬೆರಗಾದೆನು. ಆ ತರುಣ ವೈದ್ಯರು ತಮಗೆ ತಿಳಿಯದೆಯೇ ವಡಗಲೆಯ ಪಕ್ಷವನ್ನು ಹಿಡಿದಿದ್ದರು! ತಾಯಿಯಿರುವ ತನಕ ಬೆಕ್ಕಿನ ಮರಿಯು ತೆಂಕಲೆಯದು. ತಾಯಿಯನ್ನಗಲಿದ ದಿನದಿಂದ ಅದಕ್ಕೂ ಮಂಗನ ಮರಿಯ ನ್ಯಾಯವೇ. ಅದು ತಾನಾಗಿ ಬಂದು ಅವಚಿಕೊಳ್ಳಬೇಕು. ನಾವು ಅವಚಿಕೊಳ್ಳುವದಕ್ಕೆ ಯೋಗ್ಯರಾಗಿ ಸುಮ್ಮನೆ ಕುಳಿತಿರಬೇಕು.

ಸುಮ್ಮನೆ ಕುಳಿತಿರುವದೆಂದರೆ ಏನೂ ಮಾಡದಿರುವದಲ್ಲ. ಅವರು ಹೇಳಿದ ಮೇರೆಗೆ ಮನೆಯೆಲ್ಲವನ್ನೂ ಮರಿಗೆ ಒಮ್ಮೆಲೇ ತೆರೆದಿಡದೆ ಆ ಓದುವ ಕೋಣೆಯೊಂದನ್ನೇ ಬಿಟ್ಟುಕೊಟ್ಟೆವು. ಚಿಕ್ಕ ಜೀವಕ್ಕೆ ದೊಡ್ಡ ಮನೆಯು ಔದಾರ್ಯವಾಗಿ ಕಾಣುವದಿಲ್ಲ, ಅರಣ್ಯವಾಗಿ ಕಾಣುತ್ತದೆ. ಕಪಾಟಿನ ಸಂದಿಯ ಹತ್ತಿರ ಒಂದು ರಟ್ಟಿನ ಪೆಟ್ಟಿಗೆಯನ್ನು ಬೋರಲಿಟ್ಟು, ಒಳಗೆ ಹೋಗಲು ಒಂದು, ಹೊರಗೆ ಪಾರಾಗಲು ಇನ್ನೊಂದು, ಹೀಗೆ ಎರಡು ಕಿಂಡಿಗಳನ್ನು ಕೊಯ್ದೆವು. ಒಂದೇ ಬಾಗಿಲಿನ ಗುಹೆಯು ಅಂಜಿದ ಪ್ರಾಣಿಗೆ ಬೋನಿನಂತೆ ತೋರುವದಂತೆ. ಕುಂಬಾರರ ಗೋಣಿಯ ತುಂಡನ್ನು ಒಗೆಯದೆ ಹಾಗೆಯೇ ಒಳಗೆ ಹಾಸಿದೆವು. ಅದರಲ್ಲಿ ಬೂದಿಯ, ಹಸಿಮಣ್ಣಿನ, ತಾಯಿಯ ವಾಸನೆಯಿತ್ತು. ಅಗಲವಾದ ತಟ್ಟೆಯಲ್ಲಿ ಮರಳು ಒಂದು ಮೂಲೆಗೆ, ಆಹಾರವು ಅದರಿಂದ ದೂರ ಇನ್ನೊಂದು ಮೂಲೆಗೆ, ನೀರು ಬೇರೆ ಕಡೆಗೆ. 'ಮೃಜ್' ಧಾತುವಿನಿಂದ, ಅಂದರೆ ಒರಸಿ ಶುಚಿಮಾಡುವದರಿಂದ, 'ಮಾರ್ಜಾರ' ಶಬ್ದವು ಹುಟ್ಟಿತೆಂದು ಹೇಳುವರು. ಮರುದಿನವೇ ಆ ಮರಳಿನಲ್ಲಿ ಅಗೆದು ಮುಚ್ಚಿದ ಗುರುತನ್ನು ಕಂಡಾಗ, ಈ ವ್ಯುತ್ಪತ್ತಿಯನ್ನು ಒಪ್ಪಲು ನನಗೆ ಯಾವ ಆತಂಕವೂ ಉಳಿಯಲಿಲ್ಲ.

ಆಹಾರದ ವಿಷಯದಲ್ಲಿ ಸ್ವಲ್ಪ ಜಿಜ್ಞಾಸೆಯು ನಡೆಯಿತು. ಸೊಸೆಯು ವಾಡಿಕೆಯಂತೆ ಬಟ್ಟಲು ಹಾಲನ್ನು ತಂದಳು. ಆದರೆ ತಾಯಿಯ ಮೊಲೆ ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿಯು ಬೆಕ್ಕುಗಳಲ್ಲಿ ಕುಂದುತ್ತ ಹೋಗುತ್ತದೆ. ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿಯನ್ನುಂಟುಮಾಡುವದು. ಹಾಲು ಬೇಡ, ನೀರು ಸಾಕು ಎಂದು ವೈದ್ಯರ ಅಪ್ಪಣೆಯಾಗಿತ್ತು. ಅನ್ನ-ಮೊಸರೂ ಸಾಲದೆಂದರು. ಟೌರೀನ್ ಎಂಬ ದ್ರವ್ಯವನ್ನು ಬೆಕ್ಕಿನ ಶರೀರವು ಸಾಕಾಗುವಷ್ಟು ತಯಾರಿಸಿಕೊಳ್ಳಲಾರದು; ಅದು ಮಾಂಸ-ಮೀನುಗಳಿಂದಲೇ ದೊರೆಯತಕ್ಕದ್ದು. ಅದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಒಳಪರದೆಯು ಕೆಟ್ಟು ಕುರುಡಾಗುವದೆಂಬದನ್ನು ಅಮೇರಿಕೆಯ ಸಂಶೋಧಕರು 1975ರಲ್ಲಿ ತೋರಿಸಿಕೊಟ್ಟರು. ಹಿಂದಿನ ಕಾಲದಲ್ಲಿ ನಮ್ಮಂಥವರ ಮನೆಯ ಬೆಕ್ಕುಗಳು ಅನ್ನ-ಮೊಸರುಂಡು ಬಾಳಿದವೆಂದು ನಾವು ತಿಳಿದಿದ್ದರೆ, ಅದಕ್ಕೆ ಅಟ್ಟದ ಮೇಲಿನ ಇಲಿಗಳಿಗೆ ಕೃತಜ್ಞರಾಗಿರಬೇಕು. ಗಾರೆಯ ಮನೆಯಲ್ಲಿ, ಮುಚ್ಚಿದ ಕೋಣೆಯಲ್ಲಿ ಇಲಿಯೆಲ್ಲಿಂದ ಬರಬೇಕು? ಈರುಳ್ಳಿಯನ್ನೂ ಎಣಿಸಿ ತಿನ್ನುವ ಮನೆಗೆ ಮಾಂಸದಿಂದ ಮಾಡಿದ ಒಣ ಆಹಾರದ ಚೀಲವು ಬರಬಹುದೆ ಎಂದು ನಾವು ಮುಖ ಮುಖ ನೋಡುತ್ತಿರಲು, ಮಡಿಯಲ್ಲಿ ನಮ್ಮೆಲ್ಲರಿಗಿಂತ ಕಟ್ಟುನಿಟ್ಟಾದ ಅಕ್ಕನೇ ತೀರ್ಪು ಕೊಟ್ಟಳು: "ಅದರ ಧರ್ಮ ಅದಕ್ಕ, ನಮ್ಮ ಧರ್ಮ ನಮಗ. ಮನೀಗೆ ಕರಕೊಂಡು ಬಂದು ಕಣ್ಣು ಕಳಿಯೂದು ಯಾವ ಧರ್ಮ?" ಚೀಲವು ಬಂದಿತು, ಅದಕ್ಕೆ ಅಡಿಗೆಯ ಮನೆಯಿಂದ ದೂರ, ಹಿತ್ತಲ ಕಟ್ಟೆಯ ಮೇಲೆ, ಒಂದು ಡಬ್ಬಿಯೂ ಸಿದ್ಧವಾಯಿತು.

ಮೊದಲ ಮೂರು ದಿನ ಮರಿಯನ್ನು ಯಾರೂ ಕಾಣಲಿಲ್ಲ. ಬೆಳಗಿನಲ್ಲಿ ತಟ್ಟೆಯು ಬರಿದಾಗಿರುತ್ತಿದ್ದುದೇ ಅದರ ಅಸ್ತಿತ್ವಕ್ಕೆ ಅನುಮಾನಪ್ರಮಾಣವಾಗಿತ್ತು. ನನ್ನ ಪಾಲಿಗೆ ಬಂದ ಕೆಲಸವು, ದಿನಾಲು ಸಂಜೆ ಆ ಕೋಣೆಯಲ್ಲಿ ನೆಲದ ಮೇಲೆ ಕುಳಿತು, ಸಂದಿಯ ಕಡೆಗೆ ನೋಡದೆ, ಮೆಲ್ಲಗೆ ಏನಾದರೂ ಓದುತ್ತಿರುವದು. ಧ್ವನಿಯು ನಿತ್ಯದ ಸಂಗತಿಯಾದಲ್ಲಿ ಭಯವು ತಾನಾಗಿ ಕುಂದುವದೆಂದು ವೈದ್ಯರ ಮತವಾಗಿತ್ತು. ರಘುವಂಶದ ಎರಡನೆಯ ಸರ್ಗವನ್ನೆತ್ತಿಕೊಂಡೆನು. ಚಕ್ರವರ್ತಿಯಾದ ದಿಲೀಪನು ಒಂದು ಹಸುವಿನ ಇಚ್ಛೆಗೆ ತನ್ನ ನಡೆಯನ್ನೆಲ್ಲ ಹೊಂದಿಸಿಕೊಂಡ ಆ ಪ್ರಸಂಗವು, ಕೂಡುವದಕ್ಕೂ ಏಳುವದಕ್ಕೂ ಒಂದು ಬೆಕ್ಕಿನ ಮರಿಯ ಅಪ್ಪಣೆಯನ್ನು ಕಾಯುತ್ತಿದ್ದ ನಮಗೆ ಧೈರ್ಯವನ್ನು ಕೊಡುವಂಥದಾಗಿತ್ತು. ಇಷ್ಟು ವರ್ಷಗಳ ಅಧ್ಯಾಪನದಲ್ಲಿ ನನ್ನ ಪಾಠವನ್ನು ಇಷ್ಟು ನಿಶ್ಶಬ್ದವಾಗಿ ಕೇಳಿದ ಶಿಷ್ಯರು ಮತ್ತೊಬ್ಬರಿರಲಿಲ್ಲ. ಐದನೆಯ ದಿನ ಪೆಟ್ಟಿಗೆಯ ಕಿಂಡಿಯಲ್ಲಿ ಎರಡು ಕಣ್ಣುಗಳು ಮೂಡಿದವು. ಹನ್ನೆರಡನೆಯ ದಿನ, ಸಿಂಹವು ಗುಹೆಯಲ್ಲಿ ಪ್ರತ್ಯಕ್ಷವಾಗುವ ಸಮಯಕ್ಕೆ ಸರಿಯಾಗಿ, ಮರಿಯೂ ಗುಹೆಯಿಂದ ಹೊರಗೆ ಬಂದು ಗೋಡೆಗೆ ಆತು ಕುಳಿತಿತು.

ಆಗಲೂ ನೇರವಾಗಿ ನೋಡಲಾಗದು. ದಿಟ್ಟಿಸಿ ನೋಡುವದು ಬೆಕ್ಕಿನ ಭಾಷೆಯಲ್ಲಿ ಜಗಳದ ಆಹ್ವಾನವು. ಕಣ್ಣುಗಳನ್ನು ಅರೆಮುಚ್ಚಿ, ನಿಧಾನವಾಗಿ ರೆಪ್ಪೆಯಿಳಿಸಿ, ನಿಧಾನವಾಗಿ ತೆರೆದರೆ ಅದು ಸ್ನೇಹದ ಸಂಕೇತವಾಗುವದು. ಹೀಗೆ ಮಾಡಿದ ಮನುಷ್ಯರಿಗೆ ಬೆಕ್ಕುಗಳೂ ಹಾಗೆಯೇ ಉತ್ತರ ಕೊಡುವವೆಂದೂ, ಅಪರಿಚಿತರಾಗಿದ್ದರೂ ಅಂಥವರ ಚಾಚಿದ ಕೈಯ ಬಳಿಗೆ ಹೆಚ್ಚಾಗಿ ಬರುವವೆಂದೂ ಇಂಗ್ಲಂಡದ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಕಣ್ಣು ಮುಚ್ಚಿ ಹಾಲು ಕುಡಿಯುವದೆಂದು ನಾವು ಯಾವ ಕಣ್ಣನ್ನು ಕಪಟವೆಂದು ಬೈಯುತ್ತ ಬಂದೆವೋ, ಅದು ಪಾಪ, ವಿಶ್ವಾಸದ ಕಣ್ಣೇ ಇದ್ದೀತು! ಮೊಮ್ಮಗಳು ಈ ವಿದ್ಯೆಯನ್ನು ಒಂದೇ ದಿನದಲ್ಲಿ ಕಲಿತಳು. ಶಾಲೆಯಿಂದ ಬಂದವಳೇ ಬಾಗಿಲಲ್ಲಿ ಕುಳಿತು, ನಿದ್ದೆ ಬಂದವಳಂತೆ ಕಣ್ಣು ಮುಚ್ಚಿ ತೆರೆಯುತ್ತಿರುವಳು. ಅತ್ತ ಕಡೆಯಿಂದಲೂ ಎರಡು ಕಣ್ಣುಗಳು ಮೆಲ್ಲಗೆ ಮುಚ್ಚಿ ತೆರೆಯುವವು.

ಹೆಸರಿನ ಪ್ರಶ್ನೆಯನ್ನೂ ಮರಿಯೇ ತೀರಿಸಿತು. ನಾನು ಸಂಸ್ಕೃತದಲ್ಲಿ ಎರಡು ಮೂರು ಹೆಸರುಗಳನ್ನು ಸೂಚಿಸಿದೆನು; ಮೊಮ್ಮಗಳು ಅಚ್ಚಗನ್ನಡದಲ್ಲಿ 'ಪುಟ್ಟಿ' ಎಂದಳು. ಯಾವದಕ್ಕೂ ಕಿವಿಯು ಅಲುಗಲಿಲ್ಲ. ಒಂದು ದಿನ ಅಕ್ಕನು ಬಾಗಿಲಿಗೆ ಬಂದು, ಖಾನಾಪುರದ ಓಣಿಯ ಮಾತಿನಲ್ಲಿ, "ಯೇ ಗ ಮನೀ, ಯೇ" ಎಂದಳು. ಕೂಡಲೇ ಎರಡೂ ಕಿವಿಗಳು ಆ ಕಡೆಗೆ ತಿರುಗಿದವು. ಮರಾಠಿಯಲ್ಲಿ ಬೆಕ್ಕನ್ನು ಮುದ್ದಿನಿಂದ ಕರೆಯುವ ಹೆಸರು ಮನೀ ಎಂದು. ಕುಂಬಾರರ ಮನೆಯಲ್ಲಿ ಅದು ಹುಟ್ಟಿದಂದಿನಿಂದ ಕೇಳಿದ ಮಾತು ಅದೇ. ಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಶಬ್ದಗಳಿಂದ ವಿಂಗಡಿಸಿ ತಿಳಿಯಬಲ್ಲವೆಂದು ಜಪಾನದ ವಿದ್ವಾಂಸರು 2019ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಈ ಗಡಿಯ ವಾದವು 1956ರಿಂದ ನಡೆದುಬಂದದ್ದು, ಆಯೋಗದ ಮುಂದೆಯೂ ಹೋಯಿತು, 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಹೋಯಿತು. ನಮ್ಮ ಮನೆಯ ಮಟ್ಟಿಗೆ ಅದು ಒಂದು ಸಂಜೆಯಲ್ಲಿ ಇತ್ಯರ್ಥವಾಯಿತು. ಹೆಸರು ಮರಾಠಿಯದಿರಲಿ, ಮಾತು ಕನ್ನಡದ್ದಿರಲಿ, ಪಾಠವು ಸಂಸ್ಕೃತದ್ದಿರಲಿ ಎಂದು ಎಲ್ಲರೂ ಒಪ್ಪಿದೆವು. 'ಬಾರ ಮನೀ' ಎಂದರೆ ಇಂದಿಗೂ ಅದು ಬರುವದು, ಮನಸ್ಸಿದ್ದರೆ.

ಮನಸ್ಸಿದ್ದರೆ ಎಂಬ ಈ ಮಾತೇ ಬೆಕ್ಕಿನ ಚರಿತ್ರೆಯ ಸಾರವಾಗಿದೆ. ಎತ್ತು, ಕುದುರೆಗಳನ್ನು ಮನುಷ್ಯನು ಹಿಡಿದು ತಂದು ಪಳಗಿಸಿದನು. ಬೆಕ್ಕು ಹಾಗೆ ಬಂದದ್ದಲ್ಲ. ಪಶ್ಚಿಮ ಏಶಿಯದಲ್ಲಿ ಮನುಷ್ಯನು ಬೇಸಾಯ ಕಲಿತು ಕಾಳನ್ನು ಕೂಡಿಹಾಕಿದಾಗ ಇಲಿಗಳು ಬಂದವು, ಇಲಿಗಳ ಹಿಂದೆ ಕಾಡುಬೆಕ್ಕು ತಾನಾಗಿ ಬಂದಿತು. ಸೈಪ್ರಸ್ ದ್ವೀಪದಲ್ಲಿ ಒಬ್ಬ ಮನುಷ್ಯನ ಸಮಾಧಿಯ ಪಕ್ಕದಲ್ಲಿಯೇ ಹೂಳಿದ ಬೆಕ್ಕಿನ ಅಸ್ಥಿಪಂಜರವೊಂದು ದೊರೆತ ಸಂಗತಿಯು 2004ರಲ್ಲಿ ಪ್ರಕಟವಾಯಿತು; ಅದು ಸುಮಾರು 9,500 ವರ್ಷಗಳಷ್ಟು ಹಳೆಯದು. ಕಣಜದ ಬಾಗಿಲವರೆಗೆ ಬಂದ ಪ್ರಾಣಿಯು ಹೊಸ್ತಿಲು ದಾಟಿ ಒಳಗೆ ಬರಲು ಎಷ್ಟು ತಲೆಮಾರು ಯೋಚಿಸಿತೋ ಯಾರು ಬಲ್ಲರು? ಅದರ ಒಂದು ಮರಿಯು ನಮ್ಮ ಮನೆಯಲ್ಲಿ ನಾಲ್ಕು ವಾರ ಯೋಚಿಸಿದರೆ ಬೇಸರಪಡುವದು ಅನ್ಯಾಯವಲ್ಲವೆ?

ಇಪ್ಪತ್ತನೆಯ ದಿನದ ಹೊತ್ತಿಗೆ ಚಾಚಿದ ಬೆರಳಿಗೆ ಮೂಗು ತಾಗಿಸುವಷ್ಟು ಸ್ನೇಹವು ಬೆಳೆಯಿತು. ದಾರದ ತುದಿಗೆ ಕಟ್ಟಿದ ಚಿಂದಿಯನ್ನು ಎಳೆದರೆ ಹಾರಿ ಹಿಡಿಯುವದು. ಆಟ ಮುಗಿದೊಡನೆ ದಾರವನ್ನು ಎತ್ತಿಡಬೇಕು, ನುಂಗಿದರೆ ಕರುಳಿಗೆ ಅಪಾಯವು. ಕೋಣೆಯ ಬಾಗಿಲನ್ನು ಅರ್ಧ ತೆರೆದಿಟ್ಟೆವು. ಪಡಸಾಲೆಯವರೆಗೆ ಬಂದು, ಅಕ್ಕನ ಟ್ರಂಕನ್ನೂ ಮಡಿಚಿಟ್ಟ ಕೌದಿಯನ್ನೂ ಮೂಸಿ, ತಿರುಗಿ ಓಡಿಹೋಗುವದು. ಎಲ್ಲವೂ ಕ್ರಮವಾಗಿ ಸಾಗಿತ್ತು. ಆದರೆ ಗಣೇಶಚತುರ್ಥಿಯು ಬಂದಿತ್ತು. ಬೆಳಗಾವಿಯ ಗಣೇಶೋತ್ಸವವೆಂದರೆ ಸಣ್ಣದೆ? ಸೆಪ್ಟೆಂಬರ 17ರಂದು ಅನಂತಚತುರ್ದಶಿ. ಸಾರ್ವಜನಿಕ ಗಣಪತಿಗಳು ಕಪಿಲೇಶ್ವರ ಹೊಂಡದ ಕಡೆಗೆ ಹೊರಡುವ ರಾತ್ರಿ. ನಮ್ಮ ಓಣಿಯ ತುದಿಯಲ್ಲಿ ಡೋಲು-ತಾಶೆಗಳು ಮೊಳಗತೊಡಗಿದವು, ಕಿಟಕಿಯ ಗಾಜುಗಳು ನಡುಗಿದವು. ಮನುಷ್ಯನ ಕಿವಿಯು ಸೆಕೆಂಡಿಗೆ 20,000 ಕಂಪನಗಳಾಚೆಯ ಧ್ವನಿಯನ್ನು ಕೇಳಲಾರದು. ಬೆಕ್ಕಿನ ಕಿವಿಯು 60,000ಕ್ಕೂ ಮಿಕ್ಕಿ ಕೇಳಬಲ್ಲದು. ನಮಗೆ ಗದ್ದಲವಾದದ್ದು ಅದಕ್ಕೆ ಏನಾಗಿರಬೇಡ! ಪಡಸಾಲೆಯ ನಡುವೆ ಇದ್ದ ಮನಿಯು ಬಾಲವನ್ನು ಉಬ್ಬಿಸಿ ಒಂದು ಸುತ್ತು ತಿರುಗಿ ಮಾಯವಾಯಿತು. ಯಾರೋ ಮೆರವಣಿಗೆಯನ್ನು ನೋಡಲು ತಲಬಾಗಿಲನ್ನು ಒಂದು ಗೇಣು ತೆರೆದಿದ್ದರು.

ಓದುವ ಕೋಣೆಯ ಪೆಟ್ಟಿಗೆಯು ಬರಿದಾಗಿತ್ತು. ಕಪಾಟಿನ ಸಂದಿಯೂ ಬರಿದಾಗಿತ್ತು. ಮೊಮ್ಮಗಳು ಬೀದಿಗೆ ಓಡಿದಳು. ಅಲ್ಲಿ ಗುಲಾಲು, ಜನ, ದೀಪಗಳ ನಡುವೆ ಆನೆಯನ್ನೂ ಹುಡುಕುವದು ಸಾಧ್ಯವಿರಲಿಲ್ಲ. ಅಕ್ಕನು ಏನೂ ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ ಮಲಗುವದಕ್ಕೆಂದು ತನ್ನ ಮೂಲೆಗೆ ಹೋದಳು. ಕೌದಿಯನ್ನು ಬಿಡಿಸಲು ಕೈಹಾಕಿದವಳು ಹಾಗೆಯೇ ನಿಂತುಬಿಟ್ಟಳು. ಅದರ ಮಡಿಕೆಗಳ ನಡುವೆ, ನಾಲ್ಕು ತಲೆಮಾರಿನ ಸೀರೆಗಳ ಚಿಂದಿಗಳ ನಡುವೆ, ಬೂದಿಬಣ್ಣದ ಒಂದು ಮುದ್ದೆಯು ಗಡಗಡ ನಡುಗುತ್ತಿತ್ತು. ಅಕ್ಕನು ಅದನ್ನು ಎತ್ತಲಿಲ್ಲ, ಮುಟ್ಟಲೂ ಇಲ್ಲ. ಪಕ್ಕದಲ್ಲಿ ಬರಿನೆಲದ ಮೇಲೆ ಮಲಗಿಕೊಂಡಳು. ನಾನು ದೀಪವನ್ನು ಆರಿಸಿದೆನು.

ಅಂಜಿಕೆಯಿಲ್ಲದಾಗ ಎಲ್ಲಿ ಆಡುವೆವೆಂಬದರಿಂದ ಮನೆಯು ಯಾವದೆಂದು ಗೊತ್ತಾಗುವದಿಲ್ಲ. ಅಂಜಿದಾಗ ಎಲ್ಲಿಗೆ ಓಡುವೆವೆಂಬದರಿಂದ ಗೊತ್ತಾಗುತ್ತದೆ. ಬೀದಿಯ ಬಾಗಿಲು ತೆರೆದಿತ್ತು, ಆ ಜೀವವು ಒಳಕ್ಕೆ ಓಡಿತು. ಅದರ ನಿರ್ಣಯವು ಅಲ್ಲಿಗೆ ಮುಗಿಯಿತು. ತೆನ್ನಾಲಿಯ ರಾಮಕೃಷ್ಣನು ತನ್ನ ಬೆಕ್ಕಿಗೆ ಮೊದಲ ದಿನವೇ ಕುದಿಯುವ ಹಾಲನ್ನಿಟ್ಟು, ಮುಂದೆ ಹಾಲು ಕಂಡರೆ ಓಡುವಂತೆ ಮಾಡಿದನೆಂಬ ಕಥೆಗೆ ನಾವೆಲ್ಲ ನಕ್ಕಿದ್ದೇವೆ. ಒಮ್ಮೆ ಸುಟ್ಟ ನಾಲಿಗೆಯು ಜನ್ಮಪೂರ್ತಿ ಮರೆಯದೆಂಬ ಸತ್ಯವು ಆ ನಗೆಯಲ್ಲಿ ಅಡಗಿದೆ. ಹಾಗೆಯೇ ಒಮ್ಮೆ ಅಡಗಲು ಸ್ಥಳ ಕೊಟ್ಟ ಮೂಲೆಯನ್ನೂ ಅದು ಮರೆಯಲಾರದು.

ಅಕ್ಕನ ವಿಷಯ. ಅವಳು ಬಂದ ಮೊದಲ ವಾರಗಳಲ್ಲಿ ಒಂದು ಲೋಟ ನೀರು ಬೇಕಾದರೂ ಸೊಸೆಯನ್ನು ಕೇಳುತ್ತಿದ್ದಳು. ಅಡಿಗೆಯ ಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳವನ್ನೂ ತಾನಾಗಿ ತೆಗೆದವಳಲ್ಲ. ದಿನಾಲು ಮುಂಜಾನೆ, ಸುಮ್ಮನೆ ಎಂಬಂತೆ, ಖಾನಾಪುರದ ಗಾಡಿಯು ಎಷ್ಟು ಹೊತ್ತಿಗೆಂದು ನನ್ನನ್ನು ಕೇಳುವಳು, ನಾನು ಹೇಳುವೆನು. ಅವಳಿಗೆ ಇಲ್ಲಿಯೇ ಇರೆಂದು ಯಾರೂ ಉಪದೇಶ ಮಾಡಲಿಲ್ಲ. ಅವಳ ಟ್ರಂಕನ್ನು ಪಡಸಾಲೆಯ ಮೂಲೆಯಿಂದ ಯಾರೂ ಸರಿಸಲಿಲ್ಲ. ದಸರೆಯ ಹೊತ್ತಿಗೆ ಒಂದು ದಿನ ಸೊಸೆಯು ಉಪ್ಪಿನ ಭರಣಿ ಕಾಣದೆ ಅಡಿಗೆಯ ಮನೆಯನ್ನೆಲ್ಲ ಹುಡುಕುತ್ತಿದ್ದಳು. ಅಕ್ಕನು ಒಲೆಯ ಮುಂದಿನಿಂದ ಏಳದೆಯೇ, "ಒಲಿ ಎಡಗಡೆ ಇಟ್ಟೀನಿ. ಉಪ್ಪು ಅಷ್ಟು ದೂರ ಇಡತಾರೇನ ಯಾರರೆ?" ಎಂದು ಗದರಿಸಿದಳು. ಸೊಸೆಯು ನನ್ನ ಕಡೆಗೆ ನೋಡಿ ನಕ್ಕಳು. ಗಾಡಿಯ ಹೊತ್ತನ್ನು ಅಕ್ಕನು ಕೇಳದೆ ಆಗಲೇ ಎಷ್ಟು ದಿನಗಳಾಗಿದ್ದವೋ, ಯಾರೂ ಎಣಿಸಿರಲಿಲ್ಲ.